‘ಕಾಫಿ ಆರಿದೆ’ ಅಂದೆ, ಯಾರೂ ನಗಲಿಲ್ಲ. ಮಾತಿನಾಟದ ಜೋಕು ಸರಿ ಮಾಡೋದು ಹೇಗೆ?

ನಗೆಹನಿ_ಹಾಸನ:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ನವೆಂಬರ್ ಕೊನೆಯ ಭಾನುವಾರ ರಾಜ್ಯೋತ್ಸವ ಇಟ್ಟುಕೊಂಡಿದ್ದಾರೆ. ಹಾಸನಾಂಬೆ ದರ್ಶನ, ದೀಪಾವಳಿ ಎಲ್ಲ ಮುಗಿದು ಜನ ಸ್ವಲ್ಪ ಬಿಡುವಾದ ಮೇಲೆ ಮಾಡೋಣ ಅಂತ. ಹಾಡು, ಮಕ್ಕಳ ಕುಣಿತದ ಮಧ್ಯೆ ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಬರೀ ಕನ್ನಡದ ಮಾತಿನಾಟದ ಜೋಕುಗಳನ್ನೇ ಹೇಳಬೇಕು ಅಂತ ಆಸೆ. ದಪ್ಪಗಿರುವವರು, ಕುಡುಕರು, ಗಂಡ ಹೆಂಡತಿ ಜಗಳ ಇವ್ಯಾವೂ ಬೇಡ. ಪದದಿಂದಲೇ ನಗು ಬರಬೇಕು.

ನಾನೇ ಕಟ್ಟಿದ ಜೋಕು ಒಂದಿದೆ. ಮೊನ್ನೆ ಮನೆಗೆ ಬಂದಿದ್ದ ನೆಂಟರ ಮುಂದೆ ಹೇಳಿ ನೋಡಿದೆ. ಯಾರೂ ನಗಲಿಲ್ಲ. ಜೋಕು ಇದು:

‘ಆರು ಜನ ಹೋಟೆಲಿಗೆ ಹೋದರು. ಸಪ್ಲೈಯರ್ ಕಾಫಿ ತಂದ. ಒಬ್ಬರು, ಕಾಫಿ ಎಷ್ಟಿದೆ ಅಂತ ಕೇಳಿದರು. ಅವನು, ಆರು ಇದೆ ಸಾರ್ ಅಂದ. ಹಾಗಾದ್ರೆ ಬಿಸಿ ಮಾಡ್ಕೊಂಡು ಬಾ ಅಂದರು. ಅಂದ್ರೆ ಆರು ಅಂದ್ರೆ ನಂಬರೂ ಹೌದು, ತಣ್ಣಗಾಗೋದೂ ಹೌದು.’

ಪದ ಚೆನ್ನಾಗಿದೆ ಅಂತ ಈಗಲೂ ನನಗೆ ಅನ್ನಿಸುತ್ತದೆ. ಬಿಡೋಕೆ ಮನಸ್ಸಿಲ್ಲ. ದೋಷ ಜೋಕಲ್ಲಿದೆಯಾ, ಹೇಳಿದ ರೀತಿಯಲ್ಲಿದೆಯಾ? ದಯವಿಟ್ಟು ಬಿಡಿಸಿ ಹೇಳಿ.

ಬೇಲೂರು_ಬಸ್ಸು:

ಮೇಡಂ, ಜೋಕಲ್ಲಿ ದೋಷ ಇಲ್ಲ. ಹೇಳೋ ಧಾಟಿ ಮುಖ್ಯ. ನಾನು ಕಂಡಕ್ಟರ್. ದಿನಾ ನೂರಾರು ಜನರ ಹತ್ತಿರ ಮಾತಾಡುತ್ತೇನೆ. ನಮ್ಮ ಡಿಪೋದಲ್ಲಿ ಎಲ್ಲರೂ ಹೇಳುವ ಜೋಕು ಕೇಳಿ. ಅಜ್ಜಿ ಬಸ್ಸಿನ ಬಾಗಿಲಲ್ಲಿ ನಿಂತು ‘ಹಳೇಬೀಡಿಗೆ ಎಷ್ಟಪ್ಪಾ?’ ಅಂತಾರೆ. ಕಂಡಕ್ಟರು ಅವಸರದಲ್ಲಿ ‘ಹತ್ತಜ್ಜಿ, ಹತ್ತಜ್ಜಿ’ ಅಂತಾನೆ. ಬಸ್ಸು ಹೊರಟ ಮೇಲೆ ಟಿಕೆಟ್ ದುಡ್ಡು ಕೇಳಿದರೆ ಅಜ್ಜಿ ಜೋರು ಮಾಡುತ್ತಾರೆ: ‘ಕೆಳಗೆ ನಿಂತಾಗ ಹತ್ತು ಅಂದೆ. ಹತ್ತಿದ ಮೇಲೆ ಜಾಸ್ತಿ ಕೇಳ್ತೀಯಲ್ಲ!’

ಇದನ್ನ ಗಂಟಲು ಎತ್ತಿ ಹೇಳಿದರೆ ನಗು ಗ್ಯಾರಂಟಿ.

ಮೂಡಿಗೆರೆ_ಮಳೆ:

ಕಂಡಕ್ಟರ್ ಅಣ್ಣ, ಜೋಕು ಒಳ್ಳೇದಿದೆ. ಆದರೆ ಈಗ ಅಜ್ಜಿ ಯಾಕೆ ದುಡ್ಡು ಕೊಡುತ್ತಾರೆ? 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಫ್ರೀ ಅಲ್ವಾ? ಆಧಾರ್ ತೋರಿಸಿದರೆ ಸಾಕು. ಕೇಳುವವರ ತಲೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ‘ಹತ್ತು’ ತನಕ ಬರೋದೇ ಇಲ್ಲ.

ಬೇಲೂರು_ಬಸ್ಸು:

ಅಯ್ಯೋ, ನಿಜ ಅಕ್ಕ! ನಾನೇ ದಿನಾ ಆ ಶೂನ್ಯ ಟಿಕೆಟ್ ಹರಿದು ಕೊಡುತ್ತೇನೆ, ಆದರೂ ಹೊಳೆದಿರಲಿಲ್ಲ. ಹಾಗಾದರೆ ತಾತನನ್ನು ತರೋಣ. ‘ಹತ್ತು ತಾತ, ಹತ್ತು ತಾತ.’ ನಮ್ಮ ಕಡೆ ಹಾಗೇ ಅನ್ನೋದು. ಆಯ್ತಲ್ಲ?

ಕಡೂರು_ಮೇಷ್ಟ್ರು:

ಆಯ್ತು ಕಂಡಕ್ಟ್ರೇ, ಚೆನ್ನಾಗೇ ಆಯ್ತು. ಒಂದು ಎಚ್ಚರಿಕೆ ಮಾತ್ರ. ಯಾರಾದರೂ ‘ತಾತನಿಗೆ ಮರ್ಯಾದೆ ಕೊಡಬೇಕು’ ಅಂತ ‘ಹತ್ತಿ ತಾತ’ ಅಂತ ತಿದ್ದಿದರೆ ಸಂಖ್ಯೆ ಹೋಗಿ ಅರಳೆ ಬರುತ್ತದೆ. ಈ ಜೋಕು ನಿಂತಿರೋದೇ ಏಕವಚನದ ಮೇಲೆ. ಅದನ್ನು ಮುಟ್ಟಬೇಡಿ.

ಈಗ ಹಾಸನದ ತಾಯಿಯ ಜೋಕಿಗೆ ಬರುತ್ತೇನೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು, ಸ್ವಲ್ಪ ಉದ್ದ ಬರೆದರೆ ಬೇಸರ ಮಾಡಿಕೊಳ್ಳಬೇಡಿ. ಬೀಜ ಗಟ್ಟಿಯಾಗಿದೆಯಮ್ಮ. ನಿಜಕ್ಕೂ ಗಟ್ಟಿಯಾಗಿದೆ. ಯಾಕೆ ಅಂತ ನೋಡಿ. ಸಂಖ್ಯೆಯ ‘ಆರು’ ಜೊತೆ ‘ಇದೆ’ ಸೇರಿದರೆ ನಡುವಿನ ಉಕಾರ ಬಿದ್ದುಹೋಗಿ ‘ಆರಿದೆ’ ಆಗುತ್ತದೆ. ಲೋಪಸಂಧಿ. ತಣ್ಣಗಾಗು ಅನ್ನುವ ಅರ್ಥದ ‘ಆರು’ ಕ್ರಿಯಾಪದ ‘ಆರಿ’ ಆಗಿ ‘ಇದೆ’ ಜೊತೆ ಸೇರಿದರೂ ‘ಆರಿದೆ’ಯೇ. ಎರಡು ಬೇರೆ ದಾರಿಯಲ್ಲಿ ಬಂದವರು ಒಂದೇ ಬಾಗಿಲಿಗೆ ಬಂದು ನಿಂತ ಹಾಗೆ. ಕೇಳುವುದಕ್ಕೂ ಒಂದೇ, ಬರೆಯುವುದಕ್ಕೂ ಒಂದೇ. ಇಂಥ ಪದ ಹುಡುಕಿದರೂ ಸಿಗೋದು ಕಷ್ಟ.

ಹಳೆಯ ಅಲಂಕಾರ ಪಾಠದಲ್ಲಿ ಶ್ಲೇಷೆಯನ್ನು ಎರಡಾಗಿ ಹೇಳುತ್ತಾರೆ. ಪದವನ್ನು ಮುರಿಯದೆಯೇ ಎರಡು ಅರ್ಥ ಬಂದರೆ ಅಭಂಗ ಶ್ಲೇಷೆ. ಮುರಿಯುವ ಜಾಗ ಬದಲಾದಾಗ ಅರ್ಥವೂ ಬದಲಾದರೆ ಸಭಂಗ ಶ್ಲೇಷೆ. ಕಂಡಕ್ಟರರ ‘ಹತ್ತು’ ಅಭಂಗ. ನಿಮ್ಮ ‘ಆರಿದೆ’ ಸಭಂಗ. ನಮ್ಮ ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನಿಗೆ ಉಪಮಾಲೋಲ ಅಂತ ಹೆಸರು, ಆದರೆ ಅವನು ಶ್ಲೇಷೆಯಲ್ಲೂ ಪಳಗಿದವನು. ಅವನ ಷಟ್ಪದಿ ಪಾಠ ಮಾಡುವಾಗ ಬೋರ್ಡಿನ ಮೇಲೆ ಒಂದು ಪದ ಬರೆದು, ಒಮ್ಮೆ ಇಲ್ಲಿ ಗೆರೆ ಎಳೆದು, ಒಮ್ಮೆ ಅಲ್ಲಿ ಗೆರೆ ಎಳೆದು ತೋರಿಸುತ್ತಿದ್ದೆ. ಎರಡನೇ ಗೆರೆ ಎಳೆದ ತಕ್ಷಣ ಹಿಂದಿನ ಬೆಂಚಿನವರೂ ‘ಓ!’ ಅನ್ನುತ್ತಿದ್ದರು. ಆ ‘ಓ’ ಇದೆಯಲ್ಲ, ಜೋಕಿನಲ್ಲಿ ಅದೇ ನಗುವಾಗಿ ಬರುತ್ತದೆ.

ಈಗ ನೀವು ಏನು ಮಾಡಿದಿರಿ? ‘ಆರು ಇದೆ’ ಅಂತ ಬಿಡಿಸಿ ಹೇಳಿದಿರಿ. ನಾನು ಬೋರ್ಡಿನ ಮೇಲೆ ಎರಡನೇ ಸಲ ಎಳೆಯಬೇಕಿದ್ದ ಗೆರೆಯನ್ನು ನೀವು ಮೊದಲೇ ಎಳೆದಿರಿ. ಒಂದು ದಾರಿ ಅಲ್ಲೇ ಮುಚ್ಚಿತು. ಸಂಧಿ ಮಾಡಿಯೇ ಹೇಳಬೇಕು, ಒಂದೇ ಉಸಿರಿಗೆ: ‘ಆರಿದೆ.’

ಇನ್ನೊಂದು. ‘ಆರು ಜನ ಹೋಟೆಲಿಗೆ ಹೋದರು’ ಅಂತ ಶುರು ಮಾಡಿದಿರಿ. ಆರು ಅನ್ನುವ ಶಬ್ದವನ್ನು ಮೊದಲ ಸಾಲಲ್ಲೇ ಖರ್ಚು ಮಾಡಿಬಿಟ್ಟಿರಿ. ಕೇಳುವವರ ಮನಸ್ಸಿನಲ್ಲಿ ಲೆಕ್ಕ ಇರಬೇಕು, ಶಬ್ದ ಇರಬಾರದು. ‘ನಾಲ್ಕು ಜನ ಗಂಡಸರು, ಇಬ್ಬರು ಹೆಂಗಸರು’ ಅನ್ನಿ. ಅವರೇ ಕೂಡಿಕೊಳ್ಳುತ್ತಾರೆ. ಕೊನೆಯ ವಿವರಣೆ ತೆಗೆದುಬಿಡಿ. ಅದನ್ನು ಯಾಕೆ ಸೇರಿಸಿದಿರಿ ಅಂತ ಗೊತ್ತು. ಯಾರೂ ನಗದಿದ್ದಾಗ ಎಲ್ಲರೂ ಹಾಗೇ ಮಾಡುತ್ತೇವೆ.

ಅರಸೀಕೆರೆ_ಅಡಿಗೆಮನೆ:

ಮೇಷ್ಟ್ರು ಹೇಳಿದ್ದೆಲ್ಲ ಒಪ್ಪಿದೆ. ಆದರೆ ಅಷ್ಟೆಲ್ಲ ಸರಿ ಮಾಡಿದರೂ ಇದು ನಡೆಯಲ್ಲ. ನಾನು ಮದುವೆ ಮನೆಗಳಲ್ಲಿ ಅಡಿಗೆ ಮಾಡಿಸುವವನು. ಕಾಫಿ ಲೋಟ ಎಣಿಸುವುದು ನನಗೆ ದಿನದ ಕೆಲಸ. ‘ಎಷ್ಟಿದೆ?’ ಅಂತ ಕೇಳಿದವನಿಗೆ ‘ಆರಿದೆ’ ಅಂದರೆ ಅವನು ಸಂಖ್ಯೆ ಅಂತಲೇ ತಿಳಿಯೋದು. ಅವನೇ ಕೇಳಿದ್ದಲ್ಲವಾ? ತಣ್ಣಗಾಗಿದೆ ಅಂತ ಅವನಿಗೆ ಯಾಕೆ ಅನ್ನಿಸಬೇಕು? ತಪ್ಪು ತಿಳಿಯುವವನಿಗೆ ತಪ್ಪು ತಿಳಿಯೋಕೆ ಒಂದು ಕಾರಣ ಬೇಕು. ಇಲ್ಲದಿದ್ದರೆ ಅವನು ಜೋಕಿಗೋಸ್ಕರ ಮಾತಾಡಿದ ಹಾಗೆ ಕಾಣುತ್ತದೆ.

ಅದಕ್ಕೆ, ಕೇಳುವವನು ಒಬ್ಬ, ತಪ್ಪು ತಿಳಿಯುವವನು ಇನ್ನೊಬ್ಬ ಆಗಲಿ. ಗಲ್ಲಾದಲ್ಲಿ ಕೂತ ಯಜಮಾನರು ಎಷ್ಟು ಅಂತ ಸನ್ನೆ ಮಾಡಿ ಕೇಳಿದರು. ಹುಡುಗ ಟ್ರೇ ನೋಡಿ ‘ಆರಿದೆ’ ಅಂತ ಕೂಗಿದ. ಟೇಬಲಿನಲ್ಲಿ ಕೂತ ಗಿರಾಕಿಗೆ ಆ ಮಾತು ಮಾತ್ರ ಕೇಳಿಸಿತು. ‘ಮತ್ತೆ ಯಾಕಪ್ಪ ತಂದೆ? ಬಿಸಿ ಮಾಡ್ಕೊಂಡು ಬಾ.’ ಈಗ ಎಲ್ಲರಿಗೂ ಅವರವರ ಕಾರಣ ಇದೆ.

ನನ್ನ ಕಸುಬಿನದೇ ಒಂದು ಹೇಳುತ್ತೇನೆ. ಒಬ್ಬರು ಫೋನ್ ಮಾಡಿದರು.
‘ಅಡಿಗೆ ಎಷ್ಟಾಗುತ್ತೆ?’
‘ಎಷ್ಟಕ್ಕೆ ಸಾರ್?’
‘ಮೂವತ್ತು ನಲವತ್ತು.’
‘ಅಷ್ಟೇ ಅಲ್ವಾ, ಮಾಡಿಕೊಡೋಣ. ಕೊನೇಲಿ ಏನು ಹಾಕೋಣ? ಹೋಳಿಗೆನಾ, ಪಾಯಸನಾ?’
‘ಗ್ರಾನೈಟ್ ಹಾಕ್ರಿ.’

ಅವರು ನೆಲದ ಕೆಲಸಕ್ಕೆ ಅಡಿಗೆ ಇಷ್ಟು ಅಂತ ರೇಟು ಕೇಳಿದ್ದು. ಸೈಟು ಮೂವತ್ತು ನಲವತ್ತು. ಈ ಜೋಕನ್ನು ನಾನು ಎರಡು ವರ್ಷ ತಿದ್ದಿದ್ದೇನೆ. ಮೊದಲು ‘ಮೂವತ್ತು ನಲವತ್ತು’ ಇರಲೇ ಇಲ್ಲ, ‘ಇನ್ನೂರು ಜನ’ ಅಂತಿತ್ತು. ಅದು ಬರೀ ಊಟದ ಕಡೆಗೆ ವಾಲುತ್ತಿತ್ತು. ಒಂದು ದಿನ ಗೃಹಪ್ರವೇಶದ ಮನೆಯಲ್ಲಿ ಯಾರೋ ‘ನಮ್ಮದು ಮೂವತ್ತು ನಲವತ್ತು’ ಅಂದರು. ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದವನು ಹಾಗೇ ನಿಂತುಬಿಟ್ಟೆ. ಜನಕ್ಕೂ ಆಗುತ್ತೆ, ಸೈಟಿಗೂ ಆಗುತ್ತೆ!

ಮೂಡಿಗೆರೆ_ಮಳೆ:

ಇದು ತುಂಬಾ ಚೆನ್ನಾಗಿದೆ! ಬರೆಯುವಾಗ ‘ಅಡುಗೆ’ ಅಂತ ಬರೆದರೆ ಹೋಯಿತು ಅಲ್ವಾ? ಪುಸ್ತಕದವರು ಹಾಗೇ ತಿದ್ದುತ್ತಾರೆ.

ಅರಸೀಕೆರೆ_ಅಡಿಗೆಮನೆ:

ಹೌದಕ್ಕ. ಅದಕ್ಕೇ ಇಲ್ಲಿ ನನ್ನ ಹೆಸರಿನಲ್ಲೂ ‘ಅಡಿಗೆ’ ಅಂತಲೇ ಇಟ್ಟಿದ್ದೇನೆ. ನಮ್ಮ ಕಡೆ ಬಾಯಲ್ಲಿ ಬರೋದೂ ಹಾಗೇ.

ಸಕಲೇಶಪುರ_ಹುಡುಗ:

ನಾನು ಪಿಯುಸಿ ಓದುತ್ತಿದ್ದೇನೆ. ನನ್ನದೊಂದು ಪ್ರಶ್ನೆ. ಇಂಗ್ಲಿಷಿನಲ್ಲಿ ಒಂದು ಜೋಕಿದೆ. ಸಿಕ್ಸ್‌ಗೆ ಸೆವೆನ್ ಕಂಡರೆ ಯಾಕೆ ಭಯ? ಯಾಕೆಂದರೆ ಸೆವೆನ್ ಏಟ್ ನೈನ್. ಏಟ್ ಅಂದರೆ ಎಂಟೂ ಹೌದು, ತಿಂದುಹಾಕಿತು ಅಂತಲೂ ಹೌದು. ಕಾಲೇಜ್ ಡೇಗೆ ಇದನ್ನು ಕನ್ನಡಕ್ಕೆ ಮಾಡಬೇಕು. ‘ಏಳು ಎಂಟು ಒಂಬತ್ತು’ ಅಂದರೆ ಏನೂ ಇಲ್ಲ. ‘ಏಳು ಒಂಬತ್ತನ್ನು ತಿಂತು’ ಅಂದರೆ ಎಂಟು ಎಲ್ಲೋಯ್ತು ಅಂತಾರೆ. ದಾರಿ ಇದೆಯಾ?

ಇನ್ನೊಂದು ನಾನೇ ಮಾಡಿದ್ದು. ಮೇಷ್ಟ್ರು: ‘ಹೋಮ್‌ವರ್ಕ್ ಎಲ್ಲಿ?’ ಹುಡುಗ: ‘ಮಾಡಿಲ್ಲ ಸಾರ್, ನಮಗೆ ಎರಡು ಎಸ್ಟೇಟು ಇದೆ, ಅಪ್ಪ ಕೆಲಸಕ್ಕೆ ಕರೀತಾರೆ.’ ಮೇಷ್ಟ್ರು: ‘ಕೈ ಚಾಚು. ಈಗ ಹೇಳು, ಎಷ್ಟೇಟು?’

ಆಲೂರು_ಅಕ್ಕ:

ತಮ್ಮಾ, ‘ಎಸ್ಟೇಟು’, ‘ಎಷ್ಟೇಟು’ ಹೊಂದಿಸಿದ್ದೀಯಲ್ಲ, ಭೇಷ್. ನಮ್ಮ ಸೀಮೆಯ ಪದ, ಬೇರೆ ಊರಿನವರಿಗೆ ಹೊಳೆಯೋದೇ ಇಲ್ಲ. ಆದರೆ ಮಗುವಿಗೆ ಹೊಡೆಯುವುದನ್ನು ನಗೋಕೆ ಇಡಬೇಡ. ನಾನು ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ಕೋಲು ಕಂಡರೆ ನಡುಗುವ ಮಕ್ಕಳನ್ನು ನೋಡಿದ್ದೇನೆ. ನನಗೆ ನಗು ಬರಲ್ಲ. ಪದ ಇಟ್ಟುಕೋ, ಏಟು ಬೇರೆ ಎಲ್ಲಾದರೂ ಬೀಳಲಿ.

ಅರಸೀಕೆರೆ_ಅಡಿಗೆಮನೆ:

ಏಟು ತೆಂಗಿನಕಾಯಿಗೆ ಬೀಳಲಿ! ಅರಸೀಕೆರೆಯವನು ನಾನು, ನಮ್ಮಲ್ಲಿ ಕಾಯಿಗೇನು ಬರ. ಹೆಣ್ಣಿನ ಕಡೆಯವರು ಗಂಡು ನೋಡೋಕೆ ಬಂದಿದ್ದಾರೆ. ದೇವಸ್ಥಾನದಲ್ಲಿ ಭೇಟಿ. ಹುಡುಗ ಈಡುಗಾಯಿ ಹೊಡೆದು, ಕೈ ಒರೆಸಿಕೊಂಡು ಬಂದ. ಹೆಣ್ಣಿನ ಅಪ್ಪ ತೋಟದ ವಿಚಾರ ತೆಗೆದರು. ‘ಎಸ್ಟೇಟು?’ ಹುಡುಗ ಎದೆ ಉಬ್ಬಿಸಿ ಅಂದ: ‘ಒಂದೇ ಏಟು ಮಾವ!’

ಸಕಲೇಶಪುರ_ಹುಡುಗ:

ಅಣ್ಣ!! ಇದು ನಂದಕ್ಕಿಂತ ಸಾವಿರ ಪಾಲು ಚೆನ್ನಾಗಿದೆ.

ಕಡೂರು_ಮೇಷ್ಟ್ರು:

ಇದರಲ್ಲಿ ನೋಡಿ, ಉತ್ತರ ಎರಡಕ್ಕೂ ಹೊಂದುತ್ತದೆ. ಒಂದೇ ಎಸ್ಟೇಟು ಅಂತ ಕೇಳಿದವರೂ ಬೇಜಾರಾಗದೆ ತಲೆಯಾಡಿಸಬಹುದು. ಆದರೆ ಇದು ಕಿವಿಯ ಜೋಕು. ಕಾಗದದ ಮೇಲೆ ಸ ಬರೆದರೆ ತೋಟ, ಷ ಬರೆದರೆ ಪೆಟ್ಟು. ಕಣ್ಣು ಗುಟ್ಟು ಬಿಟ್ಟುಕೊಡುತ್ತದೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ದನಿ ರೆಕಾರ್ಡ್ ಮಾಡಿ ಕಳಿಸಿ. ‘ಆರಿದೆ’ಗೆ ಈ ತೊಂದರೆ ಇಲ್ಲ ಅಂತ ಆಗಲೇ ಹೇಳಿದೆ.

ಇಂಗ್ಲಿಷ್ ಜೋಕಿನ ಪ್ರಶ್ನೆಗೆ. ಮಗೂ, ಪದಕ್ಕೆ ಪದ ಹುಡುಕಬೇಡ. ಎಂಟು, ತಿನ್ನುವುದು ಎರಡನ್ನೂ ಕೈಬಿಡು. ಆ ಜೋಕಿನಲ್ಲಿ ಇರೋದು ಏನು? ಪಕ್ಕದ ಮನೆಯವರ ಹಾಗೆ ಸಾಲಾಗಿ ನಿಂತ ಅಂಕಿಗಳು. ಒಂದು ಅಂಕಿ ಮನುಷ್ಯರ ಕೆಲಸ ಮಾಡುತ್ತದೆ. ಅಷ್ಟೇ ಇಟ್ಟುಕೋ. ಈಗ ಕನ್ನಡದ ಅಂಕಿಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳು. ಯಾವುದು ಕ್ರಿಯಾಪದವೂ ಆಗುತ್ತದೆ? ಆರು, ಏಳು, ಹತ್ತು. ಮೂರು ಸಿಕ್ಕವು. ಆರರ ಪಕ್ಕದಲ್ಲೇ ಏಳು ನಿಂತಿದೆ. ಮುಂದಿನದು ನೀನೇ ಮಾಡು, ನಾನು ಹೇಳಿಕೊಡಲ್ಲ.

ಸಕಲೇಶಪುರ_ಹುಡುಗ:

ಮೇಷ್ಟ್ರೇ, ರಾತ್ರಿಯೆಲ್ಲ ಯೋಚನೆ ಮಾಡಿದೆ. ಮೊದಲು ಮಾಡಿದ್ದು: ‘ಆರಕ್ಕೆ ಏಳನ್ನು ಕಂಡರೆ ಯಾಕೆ ಆಗಲ್ಲ? ಏಳು ಏಳು ಅಂತ ಹೇಳಿ ನಿದ್ದೆ ಮಾಡೋಕೆ ಬಿಡಲ್ಲ.’ ಅಮ್ಮನಿಗೆ ಹೇಳಿದೆ. ಸುಮ್ನೆ ‘ಹ್ಞೂಂ’ ಅಂದರು. ಆಮೇಲೆ ಪದ ಕೊನೆಗೆ ತಂದೆ:

‘ಆರಕ್ಕೆ ಏಳನ್ನು ಕಂಡರೆ ಯಾಕೆ ಆಗಲ್ಲ? ಪಾಪ, ಆರು ಕಣ್ಣು ಮುಚ್ಚಿದರೆ ಸಾಕು, ಪಕ್ಕದಿಂದ ಒಂದೇ ಮಾತು: ಏಳು!’

ಇದಕ್ಕೆ ಅಮ್ಮ ನಕ್ಕರು. ತಂಗಿ ನಕ್ಕಳು. ಬೆಳಗ್ಗೆ ನನ್ನನ್ನು ಎಬ್ಬಿಸೋಕೆ ಬಂದು ಇಬ್ಬರೂ ಅದನ್ನೇ ಕೂಗಿದರು.

ಕಡೂರು_ಮೇಷ್ಟ್ರು:

ಪೂರ್ತಿ ಅಂಕ. ಎರಡು ಸಾಲಿಗೂ ಇರುವ ವ್ಯತ್ಯಾಸ ಎಲ್ಲರೂ ನೋಡಿ. ಪದಗಳು ಹೆಚ್ಚುಕಮ್ಮಿ ಅವೇ. ಮೊದಲನೆಯದರಲ್ಲಿ ನಗುವ ಪದ ಬಂದ ಮೇಲೂ ಐದಾರು ಪದ ಉಳಿದಿವೆ. ನಗೋಕೆ ಬಾಯಿ ತೆರೆದವನು ‘ಇರು, ಇನ್ನೂ ಇದೆ’ ಅಂತ ಮುಚ್ಚಿಕೊಳ್ಳುತ್ತಾನೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ನಗುವ ಪದ ಕ್ರಿಯಾಪದವಾಗಿದ್ದರೆ ನಮಗೆ ಅರ್ಧ ಕೆಲಸ ಕಮ್ಮಿ. ತನ್ನಷ್ಟಕ್ಕೆ ಕೊನೆಗೆ ಬಂದು ಕೂರುತ್ತದೆ. ‘ಆರಿದೆ’, ‘ಏಳು’, ‘ಹತ್ತು’ ಮೂರೂ ಹಾಗೇ. ನಾಮಪದ ಆಗಿದ್ದರೆ ಮಾತ್ರ ‘ಪಕ್ಕದಿಂದ ಒಂದೇ ಮಾತು’ ಅನ್ನೋ ಥರ ಒಂದು ಜಾಗ ಮಾಡಿಕೊಡಬೇಕು.

ಮೂಡಿಗೆರೆ_ಮಳೆ:

ನಮ್ಮ ಮನೆಯ ಜೋಕು ಒಂದು ಸತ್ತುಹೋಗಿತ್ತು. ಅದನ್ನು ಬದುಕಿಸಿದ ಕಥೆ ಹೇಳುತ್ತೇನೆ. ನಮ್ಮ ಅಜ್ಜ ಹೇಳುತ್ತಿದ್ದದ್ದು:
‘ಕೈಲಿ ಏನದು?’
‘ಕೊಡೆ.’
‘ನಾನು ಕೇಳಿದ್ದು ಏನು ಅಂತ. ಕೊಡು ಅಂದ್ನಾ?’

ನಮ್ಮ ಕಡೆ ಛತ್ರಿಗೆ ಕೊಡೆ ಅಂತಾರೆ. ಜೂನ್ ಬಂದರೆ ಮೂರು ತಿಂಗಳು ಅದಿಲ್ಲದೆ ಹೊಸ್ತಿಲು ದಾಟೋ ಹಾಗಿಲ್ಲ. ಅಜ್ಜನ ಕಾಲದವರು ‘ಕೊಡೆ’ ಅಂದ ತಕ್ಷಣ ‘ನಾನು ಕೊಡುವುದಿಲ್ಲ’ ಅನ್ನೋ ಅರ್ಥವೂ ಕಿವಿಗೆ ಬೀಳುತ್ತಿತ್ತು. ಈಗ ಯಾರು ಹಾಗಂತಾರೆ? ‘ಕೊಡಲ್ಲ’ ಅಂತಾರೆ. ನನ್ನ ಮಗಳಿಗೆ ಹೇಳಿದರೆ ‘ಆಮೇಲೆ?’ ಅಂತ ಮುಖ ನೋಡಿದಳು. ಅಜ್ಜನ ಜೋಕು ನನ್ನ ಕಾಲಕ್ಕೇ ಮುಗಿಯುತ್ತಲ್ಲ ಅಂತ ತುಂಬಾ ಸಂಕಟ ಆಯಿತು.

ಆಮೇಲೆ ಒಂದು ಸಂಜೆ ಮಗಳೂ ಅವಳ ಗೆಳತಿಯೂ ಬಾಗಿಲಲ್ಲಿ ಕೂಗಾಡುತ್ತಿದ್ದರು. ‘ಕೊಡೇ! ಕೊಡೇ!’ ಅಂತ. ಹುಡುಗಿಯರು ಒಬ್ಬರಿಗೊಬ್ಬರು ಹಾಗೇ ತಾನೇ ಅನ್ನೋದು? ಹೊಳೆಯಿತು. ಹೋದ ಅರ್ಥ ಹೋಗಲಿ, ಬದುಕಿರೋ ಇನ್ನೊಂದು ಅರ್ಥ ಇದೆಯಲ್ಲ!

‘ಏನೇ ಬೇಕು?’
‘ಕೊಡೆ.’
‘ಕೊಡ್ತೀನಿ. ಏನು ಕೊಡ್ಲಿ?’
‘ಕೊಡೆ!’
‘ಅಯ್ಯೋ, ಕೊಡ್ತೀನಿ ಕಣೇ. ಏನು ಅಂತ ಹೇಳೇ!’
‘ಕೊಡೇ ಕೊಡೇ! ಪೂರ್ತಿ ನೆಂದೆ!’

ಶಾಲೆಯಲ್ಲಿ ಇಬ್ಬರೂ ಸೇರಿ ಇದನ್ನು ಮಾಡಿದರು. ಒಬ್ಬಳು ತಲೆ ಮೇಲೆ ಬ್ಯಾಗು ಇಟ್ಟುಕೊಂಡು ಕುಣಿಯುತ್ತಿದ್ದಳು.

ಬೇಲೂರು_ಬಸ್ಸು:

ನಮ್ಮ ಬಯಲು ಕಡೆ ಕೊಡೆ ಅಂದರೆ ಗೊತ್ತಾಗುತ್ತೆ, ಆದರೆ ಬಾಯಿಗೆ ಬರೋದು ಛತ್ರಿ. ‘ಅವನು ದೊಡ್ಡ ಛತ್ರಿ’ ಅಂತ ಬೈಗುಳವೂ ಇದೆ. ಅದರಲ್ಲಿ ಏನಾದರೂ ಮಾಡಬಹುದು. ಯೋಚನೆ ಮಾಡ್ತೀನಿ.

ಮೂಡಿಗೆರೆ_ಮಳೆ:

ಇನ್ನೊಂದು ನೆನಪಾಯಿತು. ನಮ್ಮ ತಾಲ್ಲೂಕಿನ ಅಂಗಡಿ ಗ್ರಾಮವೇ ಹಳೆಯ ಸೊಸೆವೂರು. ಹೊಯ್ಸಳರ ಹೆಸರಿನ ಕಥೆ ಅಲ್ಲಿಯದು. ಗುರು ‘ಹೊಯ್, ಸಳ’ ಅಂದರಂತೆ, ಸಳ ಹುಲಿಯನ್ನು ಹೊಡೆದನಂತೆ. ನನ್ನ ಮಗಳು ಚಿಕ್ಕವಳಿದ್ದಾಗ ಈ ಕಥೆ ಕೇಳಿ ‘ಏನು ಹೊಯ್ದ? ಬಿಸಿನೀರಾ?’ ಅಂತ ಕೇಳಿದ್ದಳು. ನಮ್ಮ ಮನೆಯಲ್ಲಿ ನೀರು ಹೊಯ್ಯೋದು, ಸಾರು ಹೊಯ್ಯೋದು, ಮಳೆ ಹೊಯ್ಯೋದು ಅಷ್ಟೇ ಅವಳಿಗೆ ಗೊತ್ತು. ಅವಳು ತಮಾಷೆ ಮಾಡಿದ್ದಲ್ಲ. ಅವಳ ಭಾಷೆಯಲ್ಲಿ ಅವಳು ಸರಿ.

ಆಲೂರು_ಅಕ್ಕ:

ಮಗು ಕೇಳಿದ್ದು ಓದಿ ಖುಷಿಯಾಯಿತು. ನನಗೂ ಒಂದು ಮಾತು ಹೇಳೋದಿದೆ. ಹಾಸನದ ಜೋಕು ಅಂದರೆ ಎಲ್ಲರೂ ಹಕಾರಕ್ಕೆ ಕೈ ಹಾಕುತ್ತಾರೆ. ನಾವು ‘ಹಾಲು’ ಅನ್ನೋದನ್ನ ‘ಆಲು’ ಅಂತೀವಿ. ಅತ್ತೆ ‘ಆಲು ತಾ’ ಅಂದರು, ಪೇಟೆಯ ಸೊಸೆ ಆಲೂಗಡ್ಡೆ ತಂದಳು ಅನ್ನೋದು ಹಳೇ ಜೋಕು. ನಮ್ಮ ಆಲೂರು, ಹಾಸನ ಕಡೆ ಆಲೂಗಡ್ಡೆ ಬೆಳೆಯೋದರಿಂದ ಇನ್ನೂ ಹೊಂದಿಕೊಳ್ಳುತ್ತದೆ. ಆದರೆ ಕೊನೆಗೆ ಜನ ನಗೋದು ಯಾರನ್ನ? ನಮ್ಮ ಬಾಯಿಯನ್ನ. ‘ನೋಡಿ, ಇವರಿಗೆ ಹಕಾರ ಬರಲ್ಲ’ ಅಂತ. ನಮ್ಮಮ್ಮ ಕಡೇ ತನಕ ‘ಆಸನ’ ಅಂತಲೇ ಅಂದರು. ಅವರ ಮಾತನ್ನು ಯಾರಾದರೂ ಅಣಕಿಸಿದರೆ ನನಗೆ ಈಗಲೂ ಸಹಿಸೋಕಾಗಲ್ಲ.

ಹಾಗಂತ ಆ ಪದ ಬಿಡಬೇಕಾ? ಬಿಡಬೇಕಾಗಿಲ್ಲ. ಪಾತ್ರ ತಿರುಗಿಸಿದರೆ ಆಯಿತು. ನಾನು ಹೀಗೆ ಹೇಳುತ್ತೇನೆ. ಬೆಂಗಳೂರು ಮೆಜೆಸ್ಟಿಕ್ಕಿನಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು ಬಸ್ಸಿನ ಹತ್ತಿರ ಬಂದು ಕೇಳಿದರು:
‘ಆಸನ ಇದೆಯಾ ಸ್ವಾಮಿ?’
‘ಇಲ್ಲ ಯಜಮಾನ್ರೇ. ಇದು ಮೈಸೂರಿಗೆ ಹೋಗೋದು. ಹಾಸನಕ್ಕೆ ಆ ಕಡೆ ಹೋಗಿ.’
ಹಿರಿಯರು ಕಿಟಕಿಯಲ್ಲಿ ಇಣುಕಿದರು. ‘ನಾನೂ ಮೈಸೂರಿಗೇ ಹೊರಟಿದ್ದೀನಪ್ಪ. ಹತ್ತು ಸೀಟು ಖಾಲಿ ಇದೆಯಲ್ಲ, ಅದಕ್ಕೆ ನಿಮ್ಮೂರಲ್ಲಿ ಆಸನ ಅನ್ನಲ್ವಾ?’

ಹಿರಿಯರು ಅಚ್ಚುಕಟ್ಟಾದ ಕನ್ನಡದಲ್ಲೇ ಕೇಳಿದ್ದು. ಹಕಾರ ಬಿಟ್ಟಿದ್ದಾರೆ ಅಂತ ಅಂದುಕೊಂಡವನು ಸಿಕ್ಕಿಬಿದ್ದ. ಪದ ಅದೇ. ನಗು ಬೀಳೋ ಜಾಗ ಬೇರೆ.

ಕಡೂರು_ಮೇಷ್ಟ್ರು:

ಅಕ್ಕ, ಎರಡು ಸಲ ಓದಿದೆ. ನಾನೂ ತರಗತಿಯಲ್ಲಿ ಹಕಾರದ ಹಳೇ ಜೋಕು ಹೇಳಿ ಮಕ್ಕಳನ್ನು ನಗಿಸಿದ್ದುಂಟು. ಹಳ್ಳಿಯಿಂದ ಬಂದ ಹುಡುಗರು ಆಗ ನಕ್ಕರೋ ಇಲ್ಲವೋ ಗಮನಿಸಿರಲಿಲ್ಲ. ಇನ್ನು ಮೇಲೆ ನಿಮ್ಮದನ್ನೇ ಹೇಳುತ್ತೇನೆ.

ನಗೆಹನಿ_ಹಾಸನ:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಮೂರು ದಿನದಿಂದ ಇದನ್ನೇ ಓದುತ್ತಿದ್ದೇನೆ. ಮೇಷ್ಟ್ರು ಹೇಳಿದ ಹಾಗೆ ‘ಆರು’ ಶಬ್ದ ಬಚ್ಚಿಟ್ಟೆ. ಅಡಿಗೆಮನೆ ಅಣ್ಣ ಹೇಳಿದ ಹಾಗೆ ತಪ್ಪು ತಿಳಿಯುವವರಿಗೆ ಕಾರಣ ಕೊಟ್ಟೆ. ಹೋಟೆಲ್ ಬಿಟ್ಟು ಮನೆಗೆ ತಂದೆ, ಅದು ನನಗೆ ಗೊತ್ತಿರೋ ಜಾಗ. ಬರೆಯುತ್ತಾ ಬರೆಯುತ್ತಾ ಕೊನೆಗೆ ಒಂದು ಸಾಲು ಜಾಸ್ತಿ ಬಂತು. ನೋಡಿ:

‘ಹಜಾರದಲ್ಲಿ ನೆಂಟರು. ನಾಲ್ಕು ಜನ ಗಂಡಸರು, ಇಬ್ಬರು ಹೆಂಗಸರು. ಅತ್ತೆ ಅವರ ಹತ್ತಿರ ಮಾತಿಗೆ ಕೂತಿದ್ದಾರೆ. ಹೊಸ ಸೊಸೆ ಒಳಗೆ ಒಂದೊಂದೇ ಲೋಟ ಎಣಿಸಿ ತಟ್ಟೆಯಲ್ಲಿ ಇಟ್ಟಳು. ಅಲ್ಲಿಂದಲೇ ಕೂಗಿದಳು.
“ಅತ್ತೇ, ಕಾಫಿ ಆರಿದೆ.”
“ಅಯ್ಯೋ, ಹಾಗೇ ತರಬೇಡಮ್ಮ. ಬಿಸಿ ಮಾಡು.”
ಸ್ವಲ್ಪ ಹೊತ್ತಾಯಿತು.
“ಬಿಸಿ ಮಾಡಿದೆಯೇನಮ್ಮ?”
“ಮಾಡಿದೆ ಅತ್ತೆ. ಈಗಲೂ ಆರಿದೆ.”’

ಅರಸೀಕೆರೆ_ಅಡಿಗೆಮನೆ:

ಅಮ್ಮಾ! ಕೊನೆ ಸಾಲು!

ಆದರೆ ಒಂದು ಮಾತು. ನನಗೆ ‘ಬಿಸಿ ಮಾಡು’ ಅನ್ನೋದಕ್ಕೇ ನಿಲ್ಲಿಸಿದರೂ ಸಾಕು ಅನ್ನಿಸುತ್ತದೆ. ಚಿಕ್ಕದಿದ್ದಷ್ಟೂ ಚೆನ್ನ.

ಕಡೂರು_ಮೇಷ್ಟ್ರು:

ಇಲ್ಲ, ಇದನ್ನು ಮಾತ್ರ ನಾನು ಒಪ್ಪಲ್ಲ. ‘ಬಿಸಿ ಮಾಡು’ ಅಂದಾಗ ಕೇಳುವವರಿಗೆ ಎರಡನೇ ಅರ್ಥ ಹೊಳೆಯುತ್ತದೆ. ‘ಈಗಲೂ ಆರಿದೆ’ ಅಂದಾಗ ಎರಡೂ ಅರ್ಥ ಒಟ್ಟಿಗೆ ಕಣ್ಣಮುಂದೆ ಬರುತ್ತವೆ. ಬಿಸಿ ಮಾಡಿದರೂ ಆರು ಲೋಟ ಆರು ಲೋಟವೇ. ಅತ್ತೆಯ ಕಿವಿಗೆ ಬಿಸಿ ಮಾಡಿದರೂ ತಣ್ಣಗೇ. ಒಂದೇ ಪದವನ್ನು ಎರಡನೇ ಸಲ ಹೇಳಿ, ಅದು ಮೊದಲಿಗಿಂತ ಹೆಚ್ಚು ಕೊಡುವುದು ಅಪರೂಪ. ಮುಟ್ಟಬೇಡಿ.

ಬೇಲೂರು_ಬಸ್ಸು:

ನಾನು ಮೇಷ್ಟ್ರ ಕಡೆ. ಮೇಡಂ, ಕೊನೇ ಸಾಲು ಹೇಳುವಾಗ ‘ಆರಿದೆ’ ಮೇಲೆ ಒತ್ತಬೇಡಿ. ಸಾದಾ ಹೇಳಿ. ಜೋರಾಗಿ ಹೇಳಿ ಅಂತ ಮೊದಲು ನಾನೇ ಬರೆದಿದ್ದೆ, ಆದರೆ ಈ ಜೋಕಿಗೆ ಅದು ಬೇಡ. ಸೊಸೆಗೆ ತಾನು ಏನೋ ವಿಶೇಷ ಹೇಳ್ತಿದ್ದೀನಿ ಅಂತ ಗೊತ್ತಿಲ್ಲವಲ್ಲ.

ನಗೆಹನಿ_ಹಾಸನ:

ಭಾನುವಾರ ಕಾರ್ಯಕ್ರಮ ಆಯಿತು. ಏನಾಯಿತು ಅಂತ ಹೇಳಲೇಬೇಕು.

‘ಆರು ಏಳು’ ಜೋಕನ್ನು ಮಕ್ಕಳಿಗೆ ಬಿಟ್ಟೆ. ನಾನು ‘ಪಕ್ಕದಿಂದ ಒಂದೇ ಮಾತು’ ಅಂದ ತಕ್ಷಣ ಮುಂದೆ ಕೂತಿದ್ದ ಮಕ್ಕಳೆಲ್ಲ ಒಟ್ಟಿಗೆ ‘ಏಳು!’ ಅಂತ ಕಿರುಚಿದರು. ಆಸನದ ಜೋಕಿಗೆ ಹಿರಿಯರು ಚಪ್ಪಾಳೆ ತಟ್ಟಿದರು. ಅಡಿಗೆ ಜೋಕಿಗೆ ಮನೆ ಕಟ್ಟಿಸುತ್ತಿರುವವರು ಮೊದಲು ನಕ್ಕರು, ಉಳಿದವರು ಆಮೇಲೆ. ಎಸ್ಟೇಟು ಜೋಕು ಅಷ್ಟಾಗಿ ಆಗಲಿಲ್ಲ. ಮೈಕಿನಲ್ಲಿ ಸ ತುಂಬಾ ಚೂಪಾಗಿ ಕೇಳಿತು ಅನ್ನಿಸುತ್ತದೆ. ಮೇಷ್ಟ್ರು ಕಿವಿಯ ಜೋಕು ಅಂದದ್ದು ಅಲ್ಲಿ ಅರ್ಥವಾಯಿತು.

ಕಾಫಿ ಜೋಕು ಕೊನೆಗೆ ಇಟ್ಟಿದ್ದೆ. ‘ಈಗಲೂ ಆರಿದೆ’ ಅಂದು ಸುಮ್ಮನೆ ನಿಂತೆ. ಒಂದು ಕ್ಷಣ ಏನೂ ಇಲ್ಲ. ವಿವರಿಸಿಬಿಡಲಾ ಅಂತ ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡೆ. ಹೆಂಗಸರು ಕೂತ ಕಡೆಯಿಂದ ಶುರುವಾಯಿತು, ಆಮೇಲೆ ಇಡೀ ಪೆಂಡಾಲು. ಮುಂದಿನ ಸಾಲಲ್ಲಿ ಒಬ್ಬರು ಅಜ್ಜಿ ಇದ್ದರು. ಅವರು ಪಕ್ಕದವರ ಕಡೆ ತಿರುಗಿ, ಒಂದು ಕೈಯ ಐದೂ ಬೆರಳು, ಇನ್ನೊಂದು ಕೈಯ ಒಂದು ಬೆರಳು ಎತ್ತಿ ತೋರಿಸಿ ‘ಲೋಟ ಕಣೇ, ಲೋಟ’ ಅಂದರು. ಪಕ್ಕದವರಿಗೆ ಆಗ ನಗು ಬಂತು.

ಕಡೂರು_ಮೇಷ್ಟ್ರು:

ತುಂಬಾ ಸಂತೋಷವಾಯಿತಮ್ಮ. ಕೊನೆ ಸಾಲಿಗೂ ನಗುವಿಗೂ ನಡುವೆ ಎಷ್ಟು ಹೊತ್ತು ಹಿಡಿಯಿತು? ಅಂದಾಜು ಹೇಳಿದರೆ ಬೇರೆಯವರಿಗೂ ಅನುಕೂಲ.

ನಗೆಹನಿ_ಹಾಸನ:

ಎರಡು ಉಸಿರು ಇರಬಹುದು ಮೇಷ್ಟ್ರೇ. ಮುಂದಿನ ತಿಂಗಳು ಮಹಿಳಾ ಸಂಘದಲ್ಲಿ ಮತ್ತೆ ಹೇಳೋಕೆ ಕರೆದಿದ್ದಾರೆ. ಆಗ ಸರಿಯಾಗಿ ಎಣಿಸುತ್ತೇನೆ.